ಒಂದು ಮಹಾಪ್ರಾಣ

ಕೋರ್ಟಿನ ಮೆಟ್ಟಿಲ ಕೆಳಗೆ ಕೂರುವ ಟೈಪಿಸ್ಟನಿಗೆ ಒಂದು ಜಂಬವಿತ್ತು. "ನಾನು ಓದಲ್ಲ ಕಣ್ರೀ, ಬಡೀತೀನಿ ಅಷ್ಟೇ" ಅನ್ನುತ್ತಿದ್ದ. ಹಸಿ ಸುಳ್ಳು. ನಮ್ಮ ಧರಣಿಗಳ ಮನವಿಯನ್ನೆಲ್ಲ ಬಿಟ್ಟಿ ಬಡಿದುಕೊಟ್ಟವನು ಅವನೇ. ಕಾಗುಣಿತ ತಿದ್ದದೆ ಒಂದನ್ನೂ ಕೊಟ್ಟವನಲ್ಲ. ಕ್ರಾಂತಿ ಆಮೇಲೆ ಮಾಡಿ, ಮೊದಲು ದೀರ್ಘ ಹಾಕೋದು ಕಲೀರಿ ಎಂದು ಮುಖಕ್ಕೆ ಹೇಳಿದ್ದ. ಅಕ್ಷರ ತಪ್ಪಿದರೆ ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಅವನ ಅಕ್ಕನ ಗಂಡ ತೀರಿಕೊಂಡಿದ್ದ. ಗಂಡನೂ ಮೈದುನನೂ ಸೇರಿ ಕಟ್ಟಿದ ಲಾಂಡ್ರಿಯಲ್ಲಿ ಅರ್ಧ ಪಾಲು ಅವಳದು. ಇಸ್ತ್ರಿ ಹಿಡಿದೂ ಹಿಡಿದೂ ಅಂಗೈ ಜಡ್ಡುಗಟ್ಟಿತ್ತು. ಒಂದು ಬೆಳಗ್ಗೆ ಹೋದರೆ ಬೀಗ ಬದಲಾಗಿದೆ. ಕೇಳಿದ್ದಕ್ಕೆ ಮೈದುನ ಕಾಗದ ತೋರಿಸಿದ: ಪಾಲು ಬಿಟ್ಟುಕೊಟ್ಟಿದ್ದೇನೆ ಅಂತ, ಕೆಳಗೆ ಅವಳದೇ ಸಹಿ. ಅವಳು ಸಹಿ ಹಾಕಿದ್ದು ಕರೆಂಟ್ ಮೀಟರಿನ ಹೆಸರು ಬದಲಾಯಿಸೋದಕ್ಕೆ ಅಂದುಕೊಂಡು.

ದಾವೆ ಹಾಕಿದಳು. ಜಡ್ಜ್ ಸಾಹೇಬರು ಓದಿ, ಇದರಲ್ಲಿ ಮೋಸ ಎಂಬ ಮಾತು ಹನ್ನೊಂದು ಸಲ ಇದೆ, ಯಾರು, ಯಾವತ್ತು, ಎಲ್ಲಿ, ಏನು ಹೇಳಿ ಮೋಸ ಮಾಡಿದರು ಅನ್ನೋದು ಒಂದು ಸಲವೂ ಇಲ್ಲ ಅಂದರು. ನಿಯಮವೇ ಹಾಗೆ, ವಿವರ ಬೇಕು. ಹದಿನೈದು ದಿನದಲ್ಲಿ ತಿದ್ದಿ ತರದಿದ್ದರೆ ದಾವೆ ವಜಾ. ಜನ್ಮವಿಡೀ ಬೀದಿಯಲ್ಲಿ ನಿಂತು ಮೋಸ, ಮೋಸ ಅಂತ ಕೂಗಿದ ನಮಗೆ ಯಾರೂ ವಿವರ ಕೇಳಿರಲಿಲ್ಲ.

ವಕೀಲರು ಅಕ್ಕನನ್ನು ಕರಕೊಂಡು ಬಂದದ್ದು ತಮ್ಮನ ಮೇಜಿಗೇ. ನನ್ನದೊಂದು ಅರ್ಜಿ ಹಿಡಿದು ನಾನು ಪಕ್ಕದ ಬೆಂಚಿನಲ್ಲಿದ್ದೆ. ಅವನ ಹಳೇ ಮಿಷನ್ ಮೂಲೆ ಸೇರಿ ಮೇಜಿನ ಮೇಲೆ ಕಂಪ್ಯೂಟರ್ ಬಂದಿತ್ತು. ವಕೀಲರು ಹೇಳುತ್ತಾ ಹೋದರು, ಇವನು ಬಡಿಯುತ್ತಾ ಹೋದ. ತಾರೀಖು ಬಂತು. ಸಹಿ ಹಾಕಿದ ಜಾಗ ಬಂತು: ಇದೇ ಮೇಜು.

"ಮೀಟರ್ ಕಾಗದ ಅಂತ ನಿಮಗೆ ಹೇಳಿದ್ದು ಯಾರಮ್ಮಾ?"

ನೆನಪಿಲ್ಲ ಅಂದಳು ಅಕ್ಕ. ಗುಂಡಿ ನೋಡಿ ಅಂಗಿ ಯಾರದು ಅಂತ ಹೇಳುವ ಹೆಂಗಸು ಅವಳು. ಇದೊಂದು ಇಲ್ಲದಿದ್ದರೆ ಕೇಸು ಸತ್ತಂತೆ ಎಂದು ವಕೀಲರು ಗದರಿದರು. ಹಾಗಾದರೆ ಮೈದುನ ಅಂತ ಬರೀರಿ ಅಂದಳು, ನೆಲ ನೋಡುತ್ತಾ.

ಇವನ ಬೆರಳು ನಿಂತವು. ಆಮೇಲೆ ಯಾರೂ ಹೇಳದೆ ಒಂದು ಸಾಲು ಬಡಿದ. ವಕೀಲರು ಬಗ್ಗಿ ಓದಿದರು: ಹಾಗೆಂದು ಹೇಳಿದ್ದು ವಾದಿಯ ಒಡಹುಟ್ಟಿದ ತಮ್ಮ, ಟೈಪಿಸ್ಟ್.

"ಅಳಿಸೋ ಅದನ್ನ," ಅಂದಳು ಅಕ್ಕ. "ನೀನು ಓದಿರಲಿಲ್ಲ. ಸುಮ್ನೆ ಬಡಿದಿದ್ದೆ."

"ಓದಿದ್ದೆ ಕಣಕ್ಕ. ನಿನ್ನ ಮೈದುನ ಗೀಚಿ ತಂದ ಚೀಟೀಲಿ ಸ್ವಇಚ್ಛೆಗೆ ಮಹಾಪ್ರಾಣ ಇರಲಿಲ್ಲ. ನಾನೇ ತಿದ್ದಿ ಬಡಿದೆ." ಪರದೆ ಕಡೆ ಕೈ ತೋರಿ ಅಂದ, "ಈ ಕಂಪ್ಯೂಟರ್ ಅವನೇ ಕೊಡಿಸಿದ್ದು."

ವಕೀಲರು ಕೆಮ್ಮಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಬಿಟ್ಟಿ ಬಡಿಸಿಕೊಂಡ ಬಾಯಿಗೆ ಬೈಗುಳವೂ ಬರಲಿಲ್ಲ.

ಆ ಸಾಲಿನ ಸಮೇತ ಕಾಗದ ಹೊರಗೆ ಬಂತು. ಅವನು ತಲೆ ಎತ್ತದೆ ಪೆನ್ನು ಮುಂದಿಟ್ಟ. ಅಕ್ಕ ಪೆನ್ನು ಮುಟ್ಟಲಿಲ್ಲ. ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡು, ಮೊದಲ ಸಾಲಿಗೆ ಬೆರಳಿಟ್ಟು ಒಂದೊಂದೇ ಅಕ್ಷರ ಓದತೊಡಗಿದಳು. ತಮ್ಮ ಕೊಟ್ಟ ಕಾಗದವನ್ನು ಅವಳು ಓದಿದ್ದು ಅದೇ ಮೊದಲು. ಮೂರು ಹಾಳೆ ಮುಗಿಯುವವರೆಗೂ ಅವನು ಹಾಗೇ ಕೂತಿದ್ದ.