ಲೂರ್ದಮ್ಮಜ್ಜಿಯ ತಂಬಿಟ್ಟು

ಅಕ್ಕಿಹಿಟ್ಟು, ಬೆಲ್ಲ ಕಲಸಿದ ತಂಬಿಟ್ಟಿನ ಉಂಡೆಗೆ ಹೆಬ್ಬೆರಳು ಒತ್ತಿ, ಆ ಕುಳಿಗೆ ತುಪ್ಪದ ಬತ್ತಿ ಇಟ್ಟು ಲೂರ್ದಮ್ಮಜ್ಜಿ ದೀಪ ಹಚ್ಚಿದಾಗ ನನ್ನ ಮೈ ಜುಮ್ಮೆಂದಿತು. ನಮ್ಮಜ್ಜಿ ನಮ್ಮೂರ ದೇವತೆ ಪಟ್ಟಲದಮ್ಮನಿಗೆ ಹೊತ್ತು ಹೋಗುತ್ತಿದ್ದ ಅದೇ ಆರತಿ! ಆದರೆ ಇದು ಹೊರಟಿದ್ದು ಚರ್ಚಿನ ಹಬ್ಬಕ್ಕೆ, ಮೇರಿಮಾತೆಯ ಮುಂದೆ ಬೆಳಗಲು.

ಕ್ರೈಸ್ತರ ಆಚರಣೆ ಊರಿಂದೂರಿಗೆ ಹೇಗೆ ಬದಲಾಗುತ್ತದೆ ಎಂಬ ನನ್ನ ಎಂ.ಎ. ಪ್ರಬಂಧಕ್ಕಾಗಿ ಭಾರತೀನಗರದಿಂದ ಮಳವಳ್ಳಿ ಕಡೆಯ ಲೂರ್ದಮ್ಮಜ್ಜಿಯ ಹಳ್ಳಿಗೆ ಹೋಗಿದ್ದೆ. ಬೇಕಾದ ಉದಾಹರಣೆ ಸಿಕ್ಕಿತು ಎಂದುಕೊಂಡು ಸರಸರ ಗೀಚಿದೆ.

"ಏನ್ ಬರ್ಕಂಡೆ? ವಸಿ ಓದವ್ವ," ಎಂದರು ಅಜ್ಜಿ.

"ತಂಬಿಟ್ಟಿನ ಆರತಿ, ಹಿಂದೂಗಳಿಂದ ಪಡೆದ ಪದ್ಧತಿ," ಎಂದು ಓದಿದೆ.

ಅಜ್ಜಿ ಬೆಲ್ಲದ ಕೈಯನ್ನೇ ಸೊಂಟಕ್ಕಿಟ್ಟುಕೊಂಡರು. "ಅದ್ಯಾರ್ ಕೊಟ್ರವ್ವ ನಮ್ಗೆ? ನಾವು ಯಾರ್ ತಾವೂ ಈಸ್ಕಂಡಿಲ್ಲ. ನಮ್ಮವ್ವ, ಅವರವ್ವ ಎಲ್ಲಾ ಮಾಡ್ಕಂಡ್ ಬಂದವ್ರೆ. ದ್ಯಾವ್ರು ಬ್ಯಾರೆ ಆಯ್ತು, ತಂಬಿಟ್ಟು ಬುಡ್ನಿಲ್ಲ. ಅಷ್ಟೆ ಕಣವ್ವ!"

ತಿಂಗಳುಗಟ್ಟಲೆ ಓದಿ ನಾನು ಹಾಕಿದ್ದ 'ಹಿಂದೂಗಳಿಂದ ಪಡೆದದ್ದು' ಎಂಬ ಪಟ್ಟಿ ಒಂದೇ ಮಾತಿಗೆ ತಲೆಕೆಳಗಾಯಿತು. ಆ ಸಾಲನ್ನು ಅಲ್ಲೇ ಹೊಡೆದುಹಾಕಿ "ಬಿಡದೆ ಉಳಿಸಿಕೊಂಡದ್ದು" ಎಂದು ಖುಷಿಯಿಂದ ಬರೆದುಕೊಂಡೆ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು: ನಮ್ಮಜ್ಜಿ ಹೋದ ಮೇಲೆ ನಮ್ಮ ಮನೆಯಿಂದ ಆರತಿ ಹೊರಟೇ ಇಲ್ಲ. ಬಿಟ್ಟವರು ನಾವು. ಈ ಸಲ ಪಟ್ಟಲದಮ್ಮನ ಹಬ್ಬಕ್ಕೆ ನಾನೇ ತಂಬಿಟ್ಟು ಕಟ್ಟುತ್ತೇನೆ. ಹದ ಗೊತ್ತಿಲ್ಲ, ಲೂರ್ದಮ್ಮಜ್ಜಿಗೇ ಫೋನ್ ಮಾಡಿ ಕೇಳಬೇಕು.