ಕಿಟಕಿಯಿಂದ ಬಂದ ಮೈಕು

ಎಫ್‌ಎಂ ರೇಡಿಯೋದಲ್ಲಿ ಹರಟುವವನು ಗಂಟೆಗೆ ಇಪ್ಪತ್ತು ಸಲ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಸಿಮೆಂಟಿನ ಹೆಸರು ಹೇಳುತ್ತಾನೆ, ತಲೆಗೆ ಹಚ್ಚುವ ಎಣ್ಣೆಯ ಹೆಸರು ಹೇಳುತ್ತಾನೆ, ಮೂಲವ್ಯಾಧಿಗೆ ಮದ್ದು ಕೊಡುವವನ ಹೆಸರನ್ನಂತೂ ವಿಳಾಸದ ಸಮೇತ ಹೇಳುತ್ತಾನೆ. ಹಾಡಿನಲ್ಲಿ ಕ್ಲಾರಿನೆಟ್ ಊದಿದವರ ಹೆಸರು ಹೇಳಲು ಮಾತ್ರ ಆ ಮಹಾನುಭಾವನಿಗೆ ಪುರುಸೊತ್ತಿಲ್ಲ.

ಊದಿದವರು ನಮ್ಮ ಮದುವೆ ಬ್ಯಾಂಡಿನ ಹಿರಿಯರು. ನಾವೆಲ್ಲ ಅವರನ್ನು ಮಾವ ಅಂತಲೇ ಕರೆಯುವುದು. ಬೂದಿಕೋಟೆ ಕಡೆಯ ಮದುವೆಗಳಲ್ಲಿ ಅವರು ಊದಲು ಶುರುಮಾಡಿದರೆ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಆದರೆ ಮುಂದಿನ ಹಲ್ಲುಗಳು ಅಲುಗಾಡತೊಡಗಿದ್ದವು. ಅವು ಹೋದರೆ ಕ್ಲಾರಿನೆಟ್ಟೂ ಹೋದಂತೆಯೇ. "ಅಲ್ಲು ಓಗೋದ್ರೊಳ್ಗೆ ಒಂದ್ ಸಲ ರೇಡಿಯೋದಾಗೆ ನನ್ ಎಸ್ರು ಕೇಳ್ಬೇಕು ಕಣ್ಲಾ," ಅಂದಿದ್ದರು. ಅಷ್ಟೇ ಅವರ ಆಸೆ.

ಆಂಡರ್ಸನ್‌ಪೇಟೆಯಲ್ಲಿ ಮೊಬೈಲ್ ಅಂಗಡಿಯ ಮೇಲೊಂದು ಕೋಣೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿ ಅದಕ್ಕೆ ಸ್ಟುಡಿಯೋ ಅಂತ ಬೋರ್ಡು ಹಾಕಿಕೊಂಡಿದ್ದ ಮಾಲೀಕ. ಒಂದು ಮಧ್ಯಾಹ್ನ ಮಾವನನ್ನು ಕರೆಸಿ ಊದಿಸಿಕೊಂಡವನು, ಅದನ್ನೇ ತುಂಡು ತುಂಡು ಮಾಡಿ ಹತ್ತಾರು ಹಾಡುಗಳಿಗೆ ಅಂಟಿಸಿ ರೇಡಿಯೋಗೆ ಕಳಿಸಿದ. ಹೆಸರು ಯಾಕಿಲ್ಲ ಅಂತ ಕೇಳಿದರೆ, ಫೈಲಿನಲ್ಲಿ ಅದಕ್ಕೆ ಜಾಗ ಇಲ್ಲ ಅಂದ. ಅವನ ಹೆಸರಿಗೆ ಮಾತ್ರ ಧಾರಾಳವಾಗಿ ಜಾಗವಿತ್ತು.

ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ವಾದ್ಯಗಾರರ ಸಂಘದ ಸಭೆ ಸೇರಿತು. ನಾನು ಕಾರ್ಯದರ್ಶಿ. ಬಾರಿಸುವುದು ಸೈಡ್ ಡ್ರಮ್ಮು, ಅದೂ ಸುಮಾರಾಗಿ. ಅರ್ಜಿ ಬರೆಯಬಲ್ಲೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ನುಡಿಸಿದವರ ಹೆಸರು ರೇಡಿಯೋದಲ್ಲಿ ಹೇಳುವ ತನಕ ಸಂಘದವರು ಯಾರೂ ರೆಕಾರ್ಡಿಂಗ್‌ಗೆ ನುಡಿಸಬಾರದು ಅಂತ ಠರಾವಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಸುಮ್ಮನೆ ನಿಂತರೆ ಯಾರು ನೋಡ್ತಾರೆ, ಸ್ಟುಡಿಯೋ ಮುಂದೆ ಬ್ಯಾಂಡ್ ಬಾರಿಸಿಯೇ ಮುಷ್ಕರ ಮಾಡೋಣ ಅಂದವನು ನಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬಾರಿಸಿದೆವು ನೋಡಿ! ತಮಟೆಯವರು ಬೆವರಿನಲ್ಲಿ ನೆಂದುಹೋದರು. ಮಾವ ಯಾವ ಮದುವೆಯಲ್ಲೂ ಊದದ ಹಾಗೆ ಊದಿದರು. ಆಟೋಗಳು ನಿಂತವು. ಮೇಲಿನ ಕಿಟಕಿ ತೆರೆಯಿತು. ಮಾಲೀಕ ಹೆದರಿದ ಅಂದುಕೊಂಡು ಇನ್ನೂ ಜೋರು ಮಾಡಿದೆವು. ಅವನು ಕೋಲಿನ ತುದಿಗೆ ಮೈಕು ಕಟ್ಟಿ ಹೊರಗೆ ಚಾಚಿದ್ದ. ನಮ್ಮ ಬೇಡಿಕೆ ಕೇಳಿಸಿಕೊಳ್ಳಲು ಅಂದುಕೊಂಡು ನಾನು ಕೈ ಬೇರೆ ಮುಗಿದೆ.

ಹದಿನೈದು ದಿನಕ್ಕೆ ರೇಡಿಯೋದಲ್ಲಿ ಬಂತು. ಅದೇ ತಮಟೆ, ಅದೇ ಕ್ಲಾರಿನೆಟ್, ಮೇಲೆ ಯಾರದೋ ಗಂಟಲು. "ಪಕ್ಕಾ ಲೋಕಲ್ ಸೌಂಡು ಫ್ರೆಂಡ್ಸ್!" ಅಂತ ಕಿರುಚಿದವನು ತನ್ನ ಹೆಸರು ಹೇಳಿ, ಸಿಮೆಂಟಿನ ಹೆಸರು ಹೇಳಿದ.

ನಮ್ಮಪ್ಪ ಊರಿಗಾಂನ ಗಣಿ ಕಾರ್ಮಿಕರ ಲೈನಿನ ಮನೆ ಬಾಗಿಲಲ್ಲಿ ಕೂತು ಅದನ್ನು ಕೇಳಿದರು. ಚಿನ್ನದ ಗಣಿ ಮುಚ್ಚುವ ತನಕ ಒಳಗಿಳಿದು ದುಡಿದವರು. "ನಾವು ಸ್ಟ್ರೈಕ್ ಅಂದ್ರೆ ಸುತ್ಗೆ ಕೆಳಕ್ಕಿಕ್ತಿದ್ವಿ. ನೀವು ಸ್ಟ್ರೈಕ್ ಮಾಡಿ, ಚಿನ್ನ ಅಗ್ದು ಗೇಟತ್ರ ಒತ್ಕೊಂಡೋಗಿ ಕೊಟ್ಬಂದ್ರಲ್ಲೋ! ಏನ್ ಯೂನಿಯನ್ನೋ ನಿಮ್ದು!" ಅಂದರು.

ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಎರಡನೇ ಸಲ ವಾದ್ಯಗಳನ್ನು ಮನೆಯಲ್ಲೇ ಬಿಟ್ಟು ಹೋದೆವು. ಬಾಯಿ ಮುಚ್ಚಿ, ಕೈ ಕಟ್ಟಿ ನಿಂತೆವು. ಜನ ಯಾರೂ ನಿಲ್ಲಲಿಲ್ಲ. ಆಟೋದವನೊಬ್ಬ ಯಾರು ತೀರಿಕೊಂಡಿದ್ದು ಅಂತ ವಿಚಾರಿಸಿದ. ಕಿಟಕಿ ತೆರೆಯಿತು, ಮತ್ತೆ ಮೈಕು ಬಂತು. ಆಸೆಬುರುಕನಿಗೆ ಬಿಟ್ಟಿ ಸಿಕ್ಕಿದ್ದರ ರುಚಿ ಹತ್ತಿತ್ತು. ನಾವು ಉಸಿರೆತ್ತಲಿಲ್ಲ.

ಆಗ ಮಾವ ಮುಂದೆ ಹೋಗಿ, ಮೈಕಿನ ಕೆಳಗೆ ನಿಂತು, ತಲೆ ಎತ್ತಿ ತಮ್ಮ ಹೆಸರು ಹೇಳಿದರು. ಅಪ್ಪನ ಹೆಸರು ಹೇಳಿದರು, ಊರು ಹೇಳಿದರು. ಮತ್ತೆ ಮೊದಲಿನಿಂದ ಹೇಳಿದರು. ಮೂರನೇ ಸಲಕ್ಕೆ ಮೈಕು ಒಳಗೆ ಹೋಗಿ ಕಿಟಕಿ ಮುಚ್ಚಿತು.

ಅದು ರೇಡಿಯೋದಲ್ಲಿ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಈಗ ಮಾವನ ಹಲ್ಲು ಹೋಗಿವೆ. ಕ್ಲಾರಿನೆಟ್ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಅಟ್ಟ ಸೇರಿದೆ, ಅದರ ದನಿ ಮಾತ್ರ ಇವತ್ತಿಗೂ ಸಿಮೆಂಟಿನ ಹಿಂದೆ ಮುಂದೆ ಬರುತ್ತಿರುತ್ತದೆ. ಸಂಘದ ಠರಾವನ್ನು ಯಾರೂ ಮುರಿದಿಲ್ಲ. ನಮ್ಮನ್ನು ಯಾರೂ ಕರೆದೂ ಇಲ್ಲ.

ಇದನ್ನೆಲ್ಲ ಬರೆಯುತ್ತಿದ್ದೇನೆ, ನಿಮ್ಮ ಹೆಸರು ಇಲ್ಲಾದರೂ ಹಾಕಲಾ ಮಾವ, ಅಂತ ಮೊನ್ನೆ ಕೇಳಿದೆ. ಬೊಚ್ಚು ಬಾಯಲ್ಲೇ ಬೈದರು.

"ಬ್ಯಾಡ. ನೀನು ಆಕ್ಬುಟ್ರೆ ಅವ್ರು ತಪ್ಪುಸ್ಕೊಂಬುಡ್ತಾರೆ. ಮೊದ್ಲು ರೇಡಿಯೋದೋರು ಏಳ್ಲಿ. ಸ್ಟ್ರೈಕು ಇನ್ನಾ ಮುಗ್ದಿಲ್ಲ ಕಣ್ಲಾ."