ಎಮ್ಮೆ ಕೊಟ್ಟಿಗೆಯಲ್ಲಿ ಎರಡನೇ ಕಲ್ಲು

ಗೆಳೆಯರೇ, ಇವತ್ತು ಮೋರಖಂಡಿಯಲ್ಲಿ ನಮ್ಮ ಸರ್ವೆ ಸಾಫ್ಟ್‌ವೇರ್ ಮುನಿಸಿಕೊಂಡ ಅಣ್ಣ ತಮ್ಮಂದಿರನ್ನು ಒಂದು ಮಾಡಿತು. ಸ್ವಲ್ಪ ಹೊತ್ತು ಮಾತ್ರ.

ಅವರು ಹೊಲ ಪಾಲು ಮಾಡಿಕೊಳ್ಳುತ್ತಿದ್ದರು. ನಡುವಿನ ಗೆರೆ ರಸ್ತೆಯ ತಿರುವನ್ನು ಮುಟ್ಟುವಲ್ಲಿ ಗಡಿಕಲ್ಲು ಹಾಕಿಸುವುದು ನನ್ನ ಕೆಲಸ. ಸಾಫ್ಟ್‌ವೇರ್ ಮಹಾಶಯ ಆ ತಿರುವನ್ನೇ ಪೂರ್ತಿ ವೃತ್ತ ಎಂದುಕೊಂಡು, ಗೆರೆ ಅದನ್ನು ಎರಡು ಕಡೆ ಕತ್ತರಿಸುತ್ತದೆ ಎಂದ. ಒಂದು ಕಡೆ, ರಸ್ತೆಯ ಅಂಚಿನಲ್ಲಿ; ಅದು ಸರಿ. ಇನ್ನೊಂದು ಕಡೆ, ರಸ್ತೆಯಾಚೆ ನೆರೆಯ ಶಾಂತಕ್ಕನ ಎಮ್ಮೆ ಕೊಟ್ಟಿಗೆಯೊಳಗೆ!

ಹುಮನಾಬಾದಿನಲ್ಲಿ ಫ್ಯಾನಿನ ಕೆಳಗೆ ಕುಳಿತಿದ್ದ ನಮ್ಮ ಸಾಹೇಬರಿಗೆ ಫೋನ್ ಮಾಡಿದೆ.

"ಕಂಪ್ಯೂಟರ್ ಎರಡು ತೋರಿಸ್ಯಾದಂದ್ರ ಎರಡೂ ಕಡಿ ಕಲ್ಲು ಹಾಕ್ರಿ. ಅದಕ್ಕಿಂತ ಶ್ಯಾಣ್ಯಾ ಇದ್ದೀರೇನ್ರಿ ನೀವು?"

ಸ್ಪೀಕರ್ ಆನ್ ಇತ್ತು. ಅಲ್ಲಿಯವರೆಗೆ ಅಣ್ಣನ ಮುಖವನ್ನೂ ನೋಡದಿದ್ದ ತಮ್ಮ ಥಟ್ಟನೆ ತಿರುಗಿದ. "ಅಣ್ಣಾ, ಆ ಕೊಟಗಿ ತನಕ ನಮ್ದೇ ಬರ್ತದಂತ ನೋಡು!"

"ಹೌದಲ್ಲೋ! ಅರ್ಧಾ ನಿಂದು, ಅರ್ಧಾ ನಂದು," ಎಂದ ಅಣ್ಣ.

ಕೊಟ್ಟಿಗೆಯಿಂದಲೇ ಇದನ್ನೆಲ್ಲ ಕೇಳಿಸಿಕೊಂಡ ಶಾಂತಕ್ಕ ಬಂದು ಕೈಯಲ್ಲಿದ್ದ ಸೆಗಣಿ ಬುಟ್ಟಿಯನ್ನು ಇಬ್ಬರ ಮುಂದೆ ಇಟ್ಟಳು. "ಹಂಗಾದ್ರ ಇವತ್ತಿನಿಂದ ಹೆಂಡಿಕಸಾನೂ ಪಾಲು ಮಾಡ್ಕೋರಿ. ನಾ ಕುಂತು ನೋಡ್ತೀನಿ."

ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಸರಿದರು. ನಾನು ರಸ್ತೆಯ ಅಂಚಿನಲ್ಲಿ ಒಂದೇ ಕಲ್ಲು ಹಾಕಿಸಿ ಬಂದೆ.

ಈಗ ಸಾಹೇಬರ ಮೆಸೇಜು: ಎರಡನೇ ಕಲ್ಲಿನ ಫೋಟೋ ಎಲ್ಲಿ? ಅದೇ ಜಾಗದಲ್ಲಿ ಅಲುಗಾಡದೆ ಮಲಗಿದ್ದ ಎಮ್ಮೆಯ ಫೋಟೋ ಆಗಲೇ ತೆಗೆದಿದ್ದೆ; ಅದನ್ನೇ ಕಳಿಸಿದೆ.

"ಗುಡ್. ಗಟ್ಟಿ ಕುಂತದ," ಎಂದು ಉತ್ತರ ಬಂದಿದೆ.